ಬಿಲ್ ಹಾಕುವ ಸಮಯ ಹೆಚ್ಚಿಸಿದೆ, ‘ಬೇಗ ಆಯ್ತು’ ಅಂದರು

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪಿವಿಸಿ ಪೈಪು, ಎಲ್ಬೋ, ಮೊಳೆ, ಚಿಲಕ, ಪೇಂಟು, ಮೋಟಾರಿನ ಬಿಡಿಭಾಗ ಎಲ್ಲ ಸೇರಿ ಆರು ಸಾವಿರ ಚಿಲ್ಲರೆ ಐಟಂ. ಅಲ್ಲಿ ಬಿಲ್ ಹಾಕುವ ಪ್ರೋಗ್ರಾಂ ಬರೆದವನು ನಾನೇ. ನಾಲ್ಕು ವರ್ಷದ ಹಿಂದೆ, ಎರಡು ವಾರದ ರಜೆಯಲ್ಲಿ, ಪೈಥಾನ್ ಭಾಷೆಯಲ್ಲಿ ಬರೆದದ್ದು. ಪರದೆಯ ಕಿಟಕಿ, ಬಟನ್ ಬಿಡಿಸುವುದು ಪೈಥಾನಿನ ಟಿಕಿಂಟರ್, ಲೆಕ್ಕ ಕೂರುವುದು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸಿನಲ್ಲಿ. ಹಾಗಾಗಿ ಮುಂದೆ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ನನ್ನನ್ನೇ ಬೈಯಿರಿ.

ಚಿಕ್ಕಪ್ಪನ ಫೋನ್ ಬಂದಿದ್ದು ರಾತ್ರಿ ಅಂಗಡಿ ಮುಚ್ಚಿದ ಮೇಲೆ. “ಏನಪ್ಪಾ, ಈ ಕಂಪ್ಯೂಟರ್ ತೂಕಡಿಸ್ತಾ ಐತೆ. ಬಿಲ್ ಒತ್ತಿದ್ರೆ ನಿಂತ್ಕೊಂಡು ಯೋಚನೆ ಮಾಡ್ತದೆ. ಹೊಸದು ತಗೊಂಡ್‌ಬಿಡೋಣ್ವಾ?”

ಹೊಸದು ಬೇಡ ಅಂದೆ. ಹಳೇ ಐ3 ಯಂತ್ರ, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಶನಿವಾರ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಮತ್ತು ಇನ್ನೊಂದು 4 ಜಿಬಿ ರ‍್ಯಾಮ್ ಕಡ್ಡಿ ತಗೊಂಡು ಹೋದೆ. ಡಬ್ಬ ಬಿಚ್ಚಿದರೆ ಒಳಗೆ ಸಿಮೆಂಟ್ ಧೂಳು. ಬ್ಲೋಯರ್ ಅಂಗಡಿಯಲ್ಲೇ ಇತ್ತು, ಊದಿದೆ. ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿ ಹಾಕಿದೆ. ವಿಂಡೋಸ್ 10 ಟಪ್ ಅಂತ ಎದ್ದು ಕೂತಿತು. ನನಗೋ ಹೆಮ್ಮೆ.

ಮಂಗಳವಾರ ಮತ್ತೆ ಫೋನ್. “ಆನ್ ಆಗೋದು ಬೇಗ ಆಗ್ತದೆ ಕಣಪ್ಪಾ. ಬಿಲ್ ಹಂಗೇ ಐತೆ.”

ಇದು ನನ್ನ ಮೊದಲ ತಪ್ಪು. ಕಾಯಿಲೆ ಏನೆಂದು ನೋಡದೆ ಔಷಧಿ ಕೊಟ್ಟಿದ್ದೆ.

ಕೌಂಟರ್ ಪಕ್ಕದ ಸ್ಟೂಲು

ಮುಂದಿನ ವಾರ ರಜೆ ಹಾಕಿ ಹೋಗಿ ಕೌಂಟರ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಏನನ್ನೂ ಮುಟ್ಟಲಿಲ್ಲ, ಸುಮ್ನೆ ನೋಡಿದೆ. ಅವತ್ತು ಕೊಬ್ಬರಿ ಹರಾಜಿನ ದಿನ, ಊರಿಗೆ ಜನ ಜಾಸ್ತಿ, ಅಂಗಡಿಗೂ ಜಾಸ್ತಿ.

ಬಿಲ್ ಹಾಕುವ ಹುಡುಗಿಯ ಕೈ ಬಹಳ ಚುರುಕು. ಮೌಸ್ ಮುಟ್ಟುವುದೇ ಇಲ್ಲ. ಐಟಂ ಹೆಸರಿನ ನಾಲ್ಕು ಅಕ್ಷರ, ಕೆಳಗಿನ ಬಾಣ, ಎಷ್ಟು ಅಂತ ಸಂಖ್ಯೆ, ಎಂಟರ್. ಕೊನೆಯಲ್ಲಿ ಖಾಲಿ ಸಾಲಿನ ಮೇಲೆ ಇನ್ನೊಂದು ಎಂಟರ್ ಹೊಡೆದರೆ ಬಿಲ್ ಉಳಿದು ಪ್ರಿಂಟ್ ಆಗಬೇಕು. ಆ ಕೊನೆಯ ಎಂಟರ್ ಆದಮೇಲೆ ಪರದೆಯಲ್ಲಿ ಏನೂ ಆಗುವುದಿಲ್ಲ. ಏನೂ ಅಂದರೆ ಏನೂ ಇಲ್ಲ. ಎರಡು ಸೆಕೆಂಡ್ ಫೋಟೋ ಥರ ನಿಂತಿರುತ್ತದೆ. ಅವಳು ಇನ್ನೊಮ್ಮೆ ಎಂಟರ್ ಹೊಡೆಯುತ್ತಾಳೆ. ಗಿರಾಕಿ ಅವಸರ ಮಾಡಿದರೆ ಮೂರನೇ ಸಲ, ಈ ಸಲ ಸ್ವಲ್ಪ ಗಟ್ಟಿಯಾಗಿ. ಆ ಕೀಲಿಯ ಮೇಲಿನ ಬರಹ ಪೂರ್ತಿ ಅಳಿಸಿಹೋಗಿತ್ತು.

ಮಧ್ಯಾಹ್ನ ಲೆಕ್ಕದ ಕಡತ ತೆರೆದು ನೋಡಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ಅಲ್ಲಲ್ಲಿ ಒಂದೇ ಬಿಲ್ ಎರಡೆರಡು ಸಲ ಕೂತಿತ್ತು. ಅದೇ ಐಟಂ, ಅದೇ ಮೊತ್ತ, ಮೂರು ಸೆಕೆಂಡ್ ಅಂತರ. ಹತ್ತು ಎಲ್ಬೋ ಮಾರಿದರೆ ಸ್ಟಾಕಿನಲ್ಲಿ ಇಪ್ಪತ್ತು ಕಳೆದಿತ್ತು. ಪ್ರಿಂಟರಿನಿಂದ ಎರಡನೇ ಚೀಟಿ ಬಂದಾಗ ಅವಳು ಹರಿದು ಬಿಸಾಡುತ್ತಿದ್ದಳು. ಚೀಟಿ ಬುಟ್ಟಿಗೆ ಹೋಯಿತು, ಲೆಕ್ಕ ಒಳಗೇ ಉಳಿಯಿತು.

ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು. ಗೋಡೌನಿನಲ್ಲಿ ಇರುವ ಮಾಲಿಗೂ ಕಂಪ್ಯೂಟರಿನ ಲೆಕ್ಕಕ್ಕೂ ಆರು ತಿಂಗಳಿಂದ ಹೊಂದುತ್ತಿರಲಿಲ್ಲ. ಕಂಪ್ಯೂಟರ್ ಹೇಳುವುದಕ್ಕಿಂತ ಮಾಲು ಜಾಸ್ತಿ ಇರುತ್ತಿತ್ತು. ಗೋಡೌನಿನ ಹುಡುಗ ಬಂದ ಲೋಡನ್ನು ಸರಿಯಾಗಿ ಎಣಿಸುವುದಿಲ್ಲ ಅಂತ ಇವರು ಅವನಿಗೆ ಎರಡು ಸಲ ಬೈದಿದ್ದರು. ಸಂಜೆ ಅವನಿಗೆ ನಾನೇ ಹೋಗಿ ಹೇಳಿದೆ. ಅವನು ನಕ್ಕು “ಬಿಡಣ್ಣ” ಅಂದ. ನನಗೆ ನಗು ಬರಲಿಲ್ಲ.

ಅಳತೆ

ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಫೋನಿನ ಸ್ಲೋ ಮೋಷನ್ ಸಾಕು. ನನ್ನ ಫೋನು ಸೆಕೆಂಡಿಗೆ 240 ಚಿತ್ರ ಹಿಡಿಯುತ್ತದೆ. ಅಂದರೆ ಒಂದು ಚಿತ್ರಕ್ಕೆ ನಾಲ್ಕು ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಕೀಬೋರ್ಡು, ಪರದೆ ಎರಡೂ ಕಾಣುವ ಹಾಗೆ ಫೋನನ್ನು ಪೇಂಟ್ ಡಬ್ಬದ ಮೇಲೆ ಒರಗಿಸಿದೆ. ಬೆರಳು ಕೀಲಿಯನ್ನು ತಳಕ್ಕೆ ಒತ್ತಿದ ಚಿತ್ರದಿಂದ ಪರದೆಯಲ್ಲಿ ಮೊದಲ ಬದಲಾವಣೆ ಕಂಡ ಚಿತ್ರದವರೆಗೆ ಎಣಿಸಿದೆ. ಪರದೆಯೇ 60 ಹರ್ಟ್ಸ್‌ನದು, ಹದಿನೇಳು ಮಿಲಿಸೆಕೆಂಡಿಗೊಮ್ಮೆ ಮಾತ್ರ ಚಿತ್ರ ಬದಲಾಯಿಸುತ್ತದೆ. ಹಾಗಾಗಿ ಅದಕ್ಕಿಂತ ಸೂಕ್ಷ್ಮವಾಗಿ ಎಣಿಸಿ ಪ್ರಯೋಜನವಿಲ್ಲ.

ಅಕ್ಷರ ಒತ್ತಿದರೆ ಅಕ್ಷರ ಕಾಣಲು ಹದಿನೈದು ಚಿತ್ರದ ಆಸುಪಾಸು, ಅಂದರೆ ಅರವತ್ತು ಮಿಲಿಸೆಕೆಂಡು. ಚೆನ್ನಾಗಿಯೇ ಇದೆ. ಬಿಲ್ ಉಳಿಸುವ ಎಂಟರ್‌ಗೆ ಮಾತ್ರ 2.3 ರಿಂದ 2.9 ಸೆಕೆಂಡ್. ಆಮೇಲೆ ಪ್ರೋಗ್ರಾಮಿನೊಳಗೆ ಪ್ರತಿ ಹಂತಕ್ಕೂ ಗಡಿಯಾರ ಕಟ್ಟಿದೆ. ಲೆಕ್ಕ ಬರೆಯಲು 30 ಮಿಲಿಸೆಕೆಂಡು. ಬಿಲ್ಲಿನ ಪಿಡಿಎಫ್ ಮಾಡಲು 150. ಪ್ರಿಂಟರಿಗೆ ಕಳಿಸಲು 80. ಉಳಿದ ಎರಡು ಸೆಕೆಂಡೂ ಒಂದೇ ಕೆಲಸಕ್ಕೆ ಹೋಗುತ್ತಿತ್ತು. ಪ್ರತಿ ಬಿಲ್ ಆದಮೇಲೂ ಪೂರ್ತಿ ಲೆಕ್ಕದ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡುವ ಕೆಲಸ ಅದು.

ಅದು ನನ್ನದೇ ಜಾಣತನ. ಕರೆಂಟ್ ಹೋದರೂ ಲೆಕ್ಕ ಉಳಿಯಲಿ ಅಂತ. ಮೊದಲ ವರ್ಷ ಕಡತ ಒಂದು ಎಂಬಿಗಿಂತ ಚಿಕ್ಕದಿತ್ತು, ಯಾರಿಗೂ ತಿಳಿಯಲಿಲ್ಲ. ಈಗ 18 ಎಂಬಿ. ಮೇಲಾಗಿ ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್‌ಡ್ರೈವ್‌ಗಳಿಗೆ ‘ಬೇಗ ತೆಗೆಯುವ’ ವ್ಯವಸ್ಥೆಯೇ ಡೀಫಾಲ್ಟ್. ಬರೆಯುವುದನ್ನು ಮೆಮರಿಯಲ್ಲಿ ಹಿಡಿದಿಟ್ಟು ನಿಧಾನಕ್ಕೆ ಬರೆಯುವ ಹಾಗಿಲ್ಲ, ಆ ಕ್ಷಣವೇ ಬರೆಯಬೇಕು. ಎಸ್‌ಎಸ್‌ಡಿ ಹಾಕಿದರೂ ಬಿಲ್ ಯಾಕೆ ಹಾಗೇ ಇತ್ತು ಅಂತ ಈಗ ಅರ್ಥವಾಯಿತು ಅಲ್ವಾ.

ಮೊದಲು ಸುಳ್ಳು ರಿಪೇರಿ

ಪೆನ್‌ಡ್ರೈವ್ ಕೆಲಸವನ್ನು ಅಲ್ಲಿಂದ ಎತ್ತಿ ಹಾಕಿದರೆ ಮುಗಿಯಿತು ಅಂತ ಯಾರಿಗಾದರೂ ಹೊಳೆಯುತ್ತದೆ. ನನಗೂ ಹೊಳೆಯಿತು. ಆದರೆ ಅದಕ್ಕೂ ಮುಂಚೆ ಒಂದು ಕುತೂಹಲ. ಕೆಲಸದ ಸಮಯ ಒಂದಿಷ್ಟೂ ಕಡಿಮೆ ಮಾಡದೆ, ಕಣ್ಣಿಗೆ ಕಾಣುವುದನ್ನು ಮಾತ್ರ ಬದಲಾಯಿಸಿದರೆ ಏನಾಗುತ್ತದೆ?

1968ರಲ್ಲಿ ಐಬಿಎಂನ ರಾಬರ್ಟ್ ಮಿಲ್ಲರ್ ಈ ವಿಷಯದ ಮೇಲೆ ಒಂದು ಪ್ರಬಂಧ ಬರೆದಿದ್ದ. ಕೀಲಿ ಒತ್ತಿದ್ದು ಯಂತ್ರಕ್ಕೆ ತಲುಪಿತು ಅನ್ನುವ ಗುರುತು 0.1 ಸೆಕೆಂಡಿನೊಳಗೆ ಕಾಣಬೇಕು ಅಂತ ಅದರಲ್ಲಿದೆ. 1993ರಲ್ಲಿ ಬಳಕೆ-ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ ಇದನ್ನು ಮೂರು ಮೆಟ್ಟಿಲಾಗಿ ಹೇಳಿದ. 0.1 ಸೆಕೆಂಡಿನೊಳಗಾದರೆ ನಾನೇ ಕೈಯಿಂದ ಮಾಡಿದ ಹಾಗೆ ಅನಿಸುತ್ತದೆ. 1 ಸೆಕೆಂಡಿನವರೆಗೆ ತಡ ಗೊತ್ತಾದರೂ ಯೋಚನೆಯ ದಾರ ಕಡಿಯುವುದಿಲ್ಲ. 10 ಸೆಕೆಂಡ್ ದಾಟಿದರೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ನನ್ನ ಪ್ರೋಗ್ರಾಂ ಎರಡೂವರೆ ಸೆಕೆಂಡ್ ತಗೊಳ್ಳುವುದಕ್ಕಿಂತ, ಮೊದಲ 0.1 ಸೆಕೆಂಡಿನಲ್ಲಿ ಬಾಯಿ ಬಿಡದೇ ಇದ್ದದ್ದು ದೊಡ್ಡ ತಪ್ಪು.

ಯಾಕೆ ಬಾಯಿ ಬಿಡುತ್ತಿರಲಿಲ್ಲ? ಟಿಕಿಂಟರ್ ಒಬ್ಬನೇ ನಡೆಸುವ ಟೀ ಅಂಗಡಿ ಇದ್ದ ಹಾಗೆ. ಆರ್ಡರ್ ಕೇಳುವವನು, ಟೀ ಕಾಯಿಸುವವನು, ಲೋಟ ತೊಳೆಯುವವನು ಎಲ್ಲ ಅವನೇ. ಅವನು ಹಿಂದೆ ಹಾಲು ತರಲು ಹೋದರೆ ಮುಂದೆ ನಿಂತವರಿಗೆ ‘ಬಂದೆ’ ಅನ್ನಲೂ ಯಾರೂ ಇಲ್ಲ. ಪರದೆಗೆ ಬಣ್ಣ ಹಚ್ಚುವ ಕೆಲಸವನ್ನು ಟಿಕಿಂಟರ್ ಬಿಡುವಾದಾಗ ಮಾಡುತ್ತದೆ. ಬಿಲ್ ಉಳಿಸುವ ನನ್ನ ಕೋಡಿನ ತುಂಡು, ಅಂದರೆ ಫಂಕ್ಷನ್, ಮುಗಿಯುವವರೆಗೆ ಬಿಡುವೇ ಇಲ್ಲ. ನಾನು ಫಂಕ್ಷನ್‌ನ ಮೊದಲ ಸಾಲಿನಲ್ಲೇ ‘ಉಳಿಸುತ್ತಿದೆ’ ಅಂತ ಬರೆಯಲು ಹೇಳಿದ್ದೆ ಅನ್ನುವುದು ತಮಾಷೆ. ಆ ಸಾಲು ಕೆಲಸ ಮುಗಿದ ಮೇಲೆ ಪರದೆಗೆ ಬರುತ್ತಿತ್ತು, ತಕ್ಷಣ ‘ಆಯ್ತು’ ಅಂತ ಬದಲಾಗುತ್ತಿತ್ತು. ನಾಲ್ಕು ವರ್ಷದಲ್ಲಿ ಅದನ್ನು ಒಬ್ಬರೂ ನೋಡಿರಲಿಲ್ಲ.

ಇನ್ನೊಂದು ತೂತು ಎಂಟರ್ ಕೀಲಿಯದು. ಮೌಸಿನಿಂದ ಒತ್ತಿದರೆ ಬಟನ್ ಒಳಕ್ಕೆ ಹೋದಂತೆ ಕಾಣುತ್ತದೆ. ನಾನು ಎಂಟರ್‌ಗೆ ಬಟನನ್ನು ದಾಟಿ ನೇರ ಫಂಕ್ಷನ್ನಿಗೆ ದಾರಿ ಕೊಟ್ಟಿದ್ದೆ. ಬಟನ್ ಅಲುಗುತ್ತಲೇ ಇರಲಿಲ್ಲ. ಮನೆಯಲ್ಲಿ ಮೌಸ್ ಹಿಡಿದು ಪರೀಕ್ಷೆ ಮಾಡಿದವನಿಗೆ ಇದು ಹೇಗೆ ತಿಳಿಯಬೇಕು?

ಟಿಕಿಂಟರ್ ಜೊತೆಗೇ ಬರುವ ಟಿಟಿಕೆ ಬಟನ್‌ನ ಮೂಲ ಕೋಡ್ ತೆರೆದು ನೋಡಿದೆ. ಸ್ಪೇಸ್ ಕೀಲಿಯಿಂದ ಬಟನ್ ಒತ್ತಿದಾಗ ಅದನ್ನು ಬರೆದವರು ಏನು ಮಾಡಿದ್ದಾರೆ ಗೊತ್ತಾ? ಬಟನ್ ಒತ್ತಿದ ಸ್ಥಿತಿಗೆ ತರುತ್ತಾರೆ, ಪರದೆಗೆ ಬಣ್ಣ ಹಚ್ಚಿಸುತ್ತಾರೆ, ಬೇಕಂತಲೇ 100 ಮಿಲಿಸೆಕೆಂಡ್ ಸುಮ್ಮನೆ ಕಾಯುತ್ತಾರೆ. ಆಮೇಲೇ ಕೆಲಸ ಶುರು. ಒತ್ತಿದ್ದು ಕಣ್ಣಿಗೆ ಕಾಣಲಿ ಅಂತ ಸಮಯವನ್ನು ದುಂದು ಮಾಡಿದ್ದಾರೆ. ಪ್ರೋಗ್ರಾಂ ಬರೆಯುವವರು ಹೀಗೆ ಮಾಡಿದ್ದು ನೋಡಿ ನನಗೆ ಖುಷಿಯಾಯಿತು.

ನಾನೂ ಅದನ್ನೇ ಎಂಟರ್‌ಗೆ ಹಾಕಿದೆ. ಬಟನ್ ಒಳಕ್ಕೆ, ಬಿಲ್ಲಿನ ಸಾಲುಗಳು ಬೂದು ಬಣ್ಣಕ್ಕೆ, ಕೆಳಗೆ ‘ಬಿಲ್ ಉಳಿಸುತ್ತಿದೆ’ ಅನ್ನುವ ಸಾಲು. ಆಮೇಲೆ ‘ಅಪ್‌ಡೇಟ್ ಐಡಲ್‌ಟಾಸ್ಕ್ಸ್’ ಕರೆದು ಬಾಕಿ ಇರುವ ಬಣ್ಣವೆಲ್ಲ ಹಚ್ಚಿಸಿ, 100 ಮಿಲಿಸೆಕೆಂಡ್ ಕಾದು, ಮಿಕ್ಕ ಕೆಲಸ. ಬರೀ ‘ಅಪ್‌ಡೇಟ್’ ಕರೆಯಬೇಡಿ. ಅದು ಸಾಲಿನಲ್ಲಿ ನಿಂತ ಕೀಲಿಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎರಡನೇ ಎಂಟರ್ ಮೊದಲನೆಯದರ ಹೊಟ್ಟೆಯೊಳಗೇ ಶುರುವಾಗುತ್ತದೆ.

ಅಳತೆ ನೋಡಿದೆ. ಮೊದಲ ಬದಲಾವಣೆ ಕಾಣಲು 70 ಮಿಲಿಸೆಕೆಂಡು. ಒಟ್ಟು ಸಮಯ ಮೊದಲಿಗಿಂತ 0.1 ಸೆಕೆಂಡ್ ಜಾಸ್ತಿ. ಹುಡುಗಿಗೆ ಏನೂ ಹೇಳದೆ ಹಾಕಿಟ್ಟು ಊಟಕ್ಕೆ ಹೋದೆ. ಮೂರು ಗಂಟೆಗೆ ಬಂದರೆ “ಅಣ್ಣಾ, ಈಗ ಬೇಗ ಆಗ್ತಾ ಐತೆ. ಏನ್ ಹಾಕಿದ್ರಿ?” ಅಂದಳು.

ಗಡಿಯಾರದ ಪ್ರಕಾರ ನಿಧಾನವಾಗಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಇದನ್ನು ಯೋಚಿಸುವಾಗ ನೆನಪಾಗಿದ್ದು ಅಂಗಡಿಯ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಒಂದು ಬಿಲ್ಲಿಗೆ ಎಂಟು ಹತ್ತು ಸೆಕೆಂಡ್ ಕರ್ ಕರ್ ಅಂತ ಕುಟ್ಟುತ್ತಿತ್ತು. ಅದರ ಬಗ್ಗೆ ಯಾರೂ ‘ಸ್ಲೋ’ ಅಂದಿದ್ದು ನೆನಪಿಲ್ಲ. ಗಿರಾಕಿಯೂ ಕಾಗದ ಏರುವುದನ್ನು ನೋಡುತ್ತಾ ನಿಂತಿರುತ್ತಿದ್ದ. ಈಗಿನ ಥರ್ಮಲ್ ಪ್ರಿಂಟರ್ ಎರಡು ಸೆಕೆಂಡಿನಲ್ಲಿ ಮುಗಿಸುತ್ತದೆ. ಅದರ ಮುಂಚಿನ ಮೌನವೇ ಎಲ್ಲರಿಗೂ ಚುಚ್ಚುತ್ತಿತ್ತು.

ಆಮೇಲೆ ನಿಜವಾದ ರಿಪೇರಿ

ಕಣ್ಣಿಗೆ ಸಮಾಧಾನವಾದರೂ ಡಬಲ್ ಬಿಲ್ ನಿಂತಿರಲಿಲ್ಲ. ಇಲ್ಲಿ ಒಂದು ಬಲೆ ಇದೆ, ನಾನು ಅರ್ಧ ದಿನ ಅದರಲ್ಲಿ ಬಿದ್ದಿದ್ದೆ. ಕೆಲಸ ಶುರುವಾದಾಗ ಬಟನನ್ನು ನಿಷ್ಕ್ರಿಯ ಮಾಡು, ಮುಗಿದಾಗ ಮತ್ತೆ ಜೀವ ಕೊಡು. ಸರಿಯಾಗಿಯೇ ಕಾಣುತ್ತದೆ. ಆದರೆ ಮಧ್ಯದಲ್ಲಿ ಒತ್ತಿದ ಎಂಟರ್ ಎಲ್ಲೂ ಹೋಗಿರುವುದಿಲ್ಲ, ಸಾಲಿನಲ್ಲಿ ಕಾಯುತ್ತಿರುತ್ತದೆ. ಫಂಕ್ಷನ್ ಮುಗಿದು ಬಟನ್ನಿಗೆ ಜೀವ ಬಂದ ಮೇಲೆ ಟಿಕಿಂಟರ್ ಆ ಎಂಟರನ್ನು ಎತ್ತಿಕೊಳ್ಳುತ್ತದೆ. ನೋಡಿದರೆ ಬಟನ್ ಜೀವಂತ. ಮತ್ತೊಂದು ಬಿಲ್. ಬೀಗ ಹಾಕಿ, ಕಳ್ಳ ಬರುವ ಹೊತ್ತಿಗೆ ಸರಿಯಾಗಿ ತೆಗೆದಿಟ್ಟ ಹಾಗೆ.

ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಡುವ ದಾರಿ ಹಿಡಿದೆ, ಟೀ ಅಂಗಡಿಗೆ ಇನ್ನೊಬ್ಬ ಆಳು ಇಟ್ಟ ಹಾಗೆ. ಆಗ ಮುಖ್ಯ ಥ್ರೆಡ್ ಎಚ್ಚರವಾಗಿರುತ್ತದೆ. ಬಂದ ಎಂಟರನ್ನು ಬಂದಾಗಲೇ ನೋಡಿ, ‘ಕೆಲಸ ನಡೆಯುತ್ತಿದೆ’ ಅನ್ನುವ ಗುರುತು ಇದ್ದರೆ ಎಸೆದುಬಿಡುತ್ತದೆ. ಎಸೆದದ್ದನ್ನೆಲ್ಲ ಒಂದು ಲಾಗ್ ಕಡತದಲ್ಲಿ ಸಮಯದ ಸಮೇತ ಬರೆದಿಡಲು ಹೇಳಿದೆ.

ಮೊದಲ ಓಟಕ್ಕೇ ಎಸ್‌ಕ್ಯೂಲೈಟ್ ತಗಾದೆ ತೆಗೆಯಿತು. ಒಂದು ಥ್ರೆಡ್ಡಿನಲ್ಲಿ ತೆರೆದ ಸಂಪರ್ಕವನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ ಅಂತ. ಪೈಥಾನ್‌ನಲ್ಲಿ ಈ ತಪಾಸಣೆಯನ್ನು ಆಫ್ ಮಾಡುವ ಸೌಲಭ್ಯ ಇದೆ. ಅಂತರ್ಜಾಲದ ಅರ್ಧ ಉತ್ತರಗಳು ಅದನ್ನೇ ಹೇಳುತ್ತವೆ. ನಾನು ಹಾಗೆ ಮಾಡಲಿಲ್ಲ. ಕೆಲಸದ ಥ್ರೆಡ್ಡಿಗೆ ಅದರದ್ದೇ ಸಂಪರ್ಕ ಕೊಟ್ಟೆ. ಮುಖ್ಯ ಥ್ರೆಡ್ ಒಂದು ಕ್ಯೂಗೆ (ಸರದಿ ಸಾಲಿಗೆ) ಬಿಲ್ ಹಾಕುತ್ತದೆ, ಕೆಲಸದ ಥ್ರೆಡ್ ಇನ್ನೊಂದು ಕ್ಯೂನಲ್ಲಿ ಉತ್ತರ ಹಾಕುತ್ತದೆ. ಮುಖ್ಯ ಥ್ರೆಡ್ 50 ಮಿಲಿಸೆಕೆಂಡಿಗೊಮ್ಮೆ ಟಿಕಿಂಟರ್‌ನ ಟೈಮರ್ ‘ಆಫ್ಟರ್’ ಮೂಲಕ ಇಣುಕಿ ನೋಡುತ್ತದೆ. ಪರದೆಯ ಯಾವ ವಸ್ತುವನ್ನೂ ಕೆಲಸದ ಥ್ರೆಡ್ ಮುಟ್ಟುವುದಿಲ್ಲ. ಮುಟ್ಟಿದರೆ ಹತ್ತು ದಿನ ಏನೂ ಆಗುವುದಿಲ್ಲ, ಹನ್ನೊಂದನೇ ದಿನ ಸುಳಿವಿಲ್ಲದೆ ಕುಸಿಯುತ್ತದೆ.

ಪೆನ್‌ಡ್ರೈವ್ ನಕಲು ಬಿಲ್ಲಿನ ದಾರಿಯಿಂದ ಹೊರಗೆ ಹೋಯಿತು. ಒಂದು ನಿಮಿಷ ಯಾವ ಬಿಲ್ಲೂ ಬರದಿದ್ದರೆ ಹಿಂದೆ ತಾನಾಗಿ ಮಾಡಿಕೊಳ್ಳುತ್ತದೆ. ಅಂಗಡಿ ಮುಚ್ಚುವಾಗ ಕಡ್ಡಾಯವಾಗಿ ಒಂದು ಸಲ. ಈಗ ಎಂಟರಿನಿಂದ ಬಿಲ್ ಉಳಿಯುವವರೆಗೆ ಒಟ್ಟು 300 ಮಿಲಿಸೆಕೆಂಡ್ ಆಸುಪಾಸು. ಕಾಯುವ ಆ 100 ಮಿಲಿಸೆಕೆಂಡನ್ನೂ ತೆಗೆದೆ. ಕೆಲಸ ಬೇರೆ ಥ್ರೆಡ್ಡಿನಲ್ಲಿ ನಡೆಯುವಾಗ ಒತ್ತಿದ ಬಟನ್ ತಾನಾಗಿ ಕಾಣುತ್ತದೆ.

ಅತಿಯಾಸೆ

ಇಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ನನಗೆ ಉಮೇದು. ಚಂದದ ತಿರುಗುವ ಬಳೆ ಮಾಡಿ, ಬಿಲ್ ಉಳಿಯುವಾಗ ಪರದೆ ಮಧ್ಯೆ ಮೂಡುವಂತೆ ಮಾಡಿದೆ. ಮೂಡಲು ಕಾಲು ಸೆಕೆಂಡಿನ ಮಂಜು ಮಂಜಾದ ಅನಿಮೇಷನ್ ಬೇರೆ. ಮ್ಯಾಕಿಂಟಾಷ್‌ನಲ್ಲಿ 1984ರಿಂದ ಕೈಗಡಿಯಾರದ ಕರ್ಸರ್ ಇತ್ತು, ಸೂಸನ್ ಕೇರ್ ಬರೆದದ್ದು. ವಿಂಡೋಸ್‌ನಲ್ಲಿ ಮರಳು ಗಡಿಯಾರ, ವಿಸ್ಟಾದಿಂದ ನೀಲಿ ಬಳೆ. ನನ್ನ ಅಂಗಡಿಗೂ ಒಂದಿರಲಿ ಅಂತ.

ಮಾರನೇ ದಿನ ಹುಡುಗಿ ಫೋನ್ ಮಾಡಿದಳು. “ಅಣ್ಣಾ, ಒಂದೊಂದು ಬಿಲ್ಲಿಗೂ ಏನೋ ಮಿಂಚಿ ಹೋಗ್ತದೆ. ಕೆಟ್ಟೋಯ್ತಾ? ನಿನ್ನೆಗಿಂತ ನಿಧಾನ ಅನ್ನಿಸ್ತದೆ.”

ಸರಿಯಾಗಿಯೇ ಹೇಳಿದ್ದಳು. ಕಾಯುವಿಕೆ ಇಲ್ಲದ ಕಡೆ ಕಾಯುವ ಗುರುತು ತೋರಿಸಿದರೆ ಜನ ಕಾಯಲು ಶುರು ಮಾಡುತ್ತಾರೆ. ಈಗ ಬಳೆ ಮೂಡುವುದು 400 ಮಿಲಿಸೆಕೆಂಡ್ ದಾಟಿದರೆ ಮಾತ್ರ. ಮೂಡಿದ ಮೇಲೆ ಕನಿಷ್ಠ ಅರ್ಧ ಸೆಕೆಂಡ್ ಇರುತ್ತದೆ, ಇಲ್ಲದಿದ್ದರೆ ಮತ್ತೆ ಮಿಂಚೇ. ಮಂಜು ಅನಿಮೇಷನ್ ಕಸದ ಬುಟ್ಟಿಗೆ. ಬಳೆ ಈಗ ವಾರಕ್ಕೊಮ್ಮೆಯೂ ಕಾಣುವುದಿಲ್ಲ. ಅದನ್ನು ಬರೆಯಲು ಹೋದ ಸಂಜೆ ನೆನೆದರೆ ಸಂಕಟ.

ಹಾಗೇ ಇನ್ನೊಂದು. ವಿಂಡೋಸ್‌ನಲ್ಲಿ ಒಳಮೆನು ತೆರೆಯುವ ಮುನ್ನ 400 ಮಿಲಿಸೆಕೆಂಡ್ ತಡೆ ಇದೆ, ಸೆಟ್ಟಿಂಗುಗಳನ್ನು ಕೂಡಿಡುವ ರಿಜಿಸ್ಟ್ರಿಯಲ್ಲಿ ‘ಮೆನು ಶೋ ಡಿಲೇ’ ಅನ್ನುವ ಹೆಸರಲ್ಲಿ. ಅದನ್ನು 100ಕ್ಕೆ ಇಳಿಸಿದೆ. ಚಿಕ್ಕಪ್ಪ ಅದನ್ನು ಗಮನಿಸಿದರು, ಆದರೆ ಹೊಗಳಲಿಲ್ಲ. ಮೌಸ್ ಓರೆಯಾಗಿ ಹೋದಾಗ ಬೇಡದ ಮೆನುಗಳೆಲ್ಲ ತೆರೆದುಕೊಳ್ಳುತ್ತವೆ ಅಂತ ರೇಗಿದರು. ವಾಪಸ್ 400. ಆ ತಡೆ ಅಲ್ಲಿ ಸುಮ್ನೆ ಇರಲಿಲ್ಲ.

ಹುಡುಕುವ ಪಟ್ಟಿ

ಐಟಂ ಹೆಸರು ಬರೆದಂತೆ ಕೆಳಗೆ ಪಟ್ಟಿ ಬರುತ್ತದೆ. ಇಲ್ಲಿ ನಿಧಾನ ಹುಡುಕಾಟದ್ದಲ್ಲ. ಆರು ಸಾವಿರ ಸಾಲು ಜಾಲಾಡಲು ಎಸ್‌ಕ್ಯೂಲೈಟ್‌ಗೆ ಕೆಲವೇ ಮಿಲಿಸೆಕೆಂಡು ಸಾಕು. ಸಿಕ್ಕಿದ್ದನ್ನೆಲ್ಲ ಪಟ್ಟಿಗೆ ತುಂಬುವುದೇ ಭಾರ. ಒಂದೇ ಅಕ್ಷರ ಬರೆದಾಗ ಸಾವಿರಾರು ಸಾಲು ಸಿಗುತ್ತವೆ, ಅರ್ಧ ಸೆಕೆಂಡ್ ಪರದೆ ಹಿಡಿದುಕೊಳ್ಳುತ್ತದೆ. ಎರಡನೇ ಅಕ್ಷರ ಬರೆದರೂ ಅದು ಪರದೆಯಲ್ಲಿ ಮೂಡುವುದಿಲ್ಲ. ಬರೆಯುವವರಿಗೆ ಇದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ಕಣ್ಣಿಗೆ ಕಾಣುವುದು ಇಪ್ಪತ್ತೆರಡು ಸಾಲು. ಹಾಗಾಗಿ ಮೊದಲು ನಲವತ್ತು ಸಾಲು ತುಂಬಿ, ಬಿಡುವು ಕೊಟ್ಟು, ಮತ್ತೆ ನಲವತ್ತು. ಹೀಗೆ ಕಂತಿನಲ್ಲಿ ತುಂಬಿದೆ. ಪೂರ್ತಿ ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು, ಅರ್ಧದ ಬದಲು ಮುಕ್ಕಾಲು ಸೆಕೆಂಡ್. ಆದರೆ ಮೊದಲ ಸಾಲುಗಳು ಅಕ್ಷರದ ಜೊತೆಗೇ ಬರುತ್ತವೆ. ಪಕ್ಕದ ಸ್ಕ್ರೋಲ್ ಪಟ್ಟಿ ಕುಗ್ಗುತ್ತಾ ಹೋಗುವುದನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಒಂದು ಎಡವಟ್ಟಾಯಿತು. ಹಳೇ ಹುಡುಕಾಟದ ಕಂತುಗಳು ಹೊಸ ಪಟ್ಟಿಯೊಳಗೆ ಬಂದು ಬೀಳುತ್ತಿದ್ದವು. ಎಲ್ಬೋ ಹುಡುಕಿದರೆ ನಡುವೆ ಎನಾಮಲ್ ಪೇಂಟ್. ಹೊಸ ಅಕ್ಷರ ಬಂದ ಕೂಡಲೇ ಬಾಕಿ ಕಂತನ್ನು ‘ಆಫ್ಟರ್ ಕ್ಯಾನ್ಸಲ್’ ಮಾಡಿ ಸರಿಮಾಡಿದೆ.

ಬೇಗ ಆದರೂ ನಂಬಿಕೆ ಇಲ್ಲ

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಿಲ್ 300 ಮಿಲಿಸೆಕೆಂಡಿನಲ್ಲಿ ಮುಗಿದು, ಪರದೆ ಖಾಲಿಯಾಗಿ, ಮುಂದಿನ ಬಿಲ್ ನಂಬರ್ ಬಂದು ಕೂರುತ್ತಿತ್ತು. ಹುಡುಗಿ ಅಷ್ಟರಲ್ಲಿ ಗಿರಾಕಿಯ ಕೈಯಿಂದ ದುಡ್ಡು ತಗೊಳ್ಳುತ್ತಿರುತ್ತಾಳೆ. ತಿರುಗಿ ನೋಡಿದರೆ ಖಾಲಿ ಪರದೆ. “ಬಿಲ್ ಉಳೀತಾ, ಅಳಿಸಿ ಹೋಯ್ತಾ?” ಅಂತ ಗಾಬರಿ. ಎರಡು ಸಲ ಪೂರ್ತಿ ಬಿಲ್ಲನ್ನು ಮತ್ತೆ ಬರೆದಳು. ಅಂದರೆ ಡಬಲ್ ಬಿಲ್ ಬೇರೆ ಬಾಗಿಲಿನಿಂದ ಒಳಗೆ ಬಂತು.

ಪರದೆಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಇಟ್ಟೆ. ಹಿಂದಿನ ಬಿಲ್ಲಿನ ನಂಬರ್, ಮೊತ್ತ, ‘ಉಳಿದಿದೆ’ ಅನ್ನುವ ಮಾತು. ಉಳಿದ ಕ್ಷಣದಲ್ಲಿ 600 ಮಿಲಿಸೆಕೆಂಡ್ ಹಸಿರಾಗಿ, ಆಮೇಲೆ ಮಾಮೂಲಿ ಬಣ್ಣಕ್ಕೆ ಬರುತ್ತದೆ, ಬರಹ ಅಲ್ಲೇ ಇರುತ್ತದೆ. ಹಸಿರಿರುವಾಗಲೂ ಮುಂದಿನ ಬಿಲ್ ಬರೆಯಬಹುದು, ಅದು ಯಾರನ್ನೂ ತಡೆಯುವುದಿಲ್ಲ. ಹಸಿರಾಗುವುದು ಎಸ್‌ಕ್ಯೂಲೈಟ್ ‘ಕಮಿಟ್’ (ಖಾಯಂ ಬರೆದಿಡುವುದು) ಮುಗಿಸಿದ ಮೇಲೆ ಮಾತ್ರ. ಉಳಿಯುವ ಮುಂಚೆಯೇ ‘ಆಯ್ತು’ ಅಂತ ತೋರಿಸಿ, ಹಿಂದೆ ನಿಧಾನಕ್ಕೆ ಉಳಿಸುವ ಪದ್ಧತಿಯೂ ಇದೆ. ಫೋಟೋಗೆ ಲೈಕ್ ಒತ್ತಲು ಅದು ಸರಿ. ದುಡ್ಡಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಪೆನ್‌ಡ್ರೈವ್ ಪಟ್ಟಿ

ಅಂಗಡಿ ಮುಚ್ಚುವಾಗಿನ ನಕಲಿಗೆ ಒಂದು ಪ್ರೋಗ್ರೆಸ್ ಬಾರ್ ಬೇಕಿತ್ತು. ಹಿಂದೆ ಪೆನ್‌ಡ್ರೈವ್ ಮೊಂಡು ಹಿಡಿದ ದಿನ ಐದು ಸೆಕೆಂಡ್ ದಾಟುತ್ತಿತ್ತು. ಕಿಟಕಿ ಐದು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಮೇಲೆ ಬಿಳಿ ಮುಸುಕು ಹಾಕಿ ‘ಪ್ರತಿಕ್ರಿಯಿಸುತ್ತಿಲ್ಲ’ ಅಂತ ಬರೆಯುತ್ತದೆ. ಚಿಕ್ಕಪ್ಪ ಅದನ್ನು ನೋಡಿ ಸ್ವಿಚ್ಚೇ ಆರಿಸುತ್ತಿದ್ದರಂತೆ.

ಕಡತವನ್ನು ಸುಮ್ನೆ ನಕಲು ಮಾಡುವುದು ಬಿಟ್ಟು ಎಸ್‌ಕ್ಯೂಲೈಟ್‌ನ ಬ್ಯಾಕಪ್ ಸೌಲಭ್ಯಕ್ಕೆ ಬಂದೆ. ಪೈಥಾನ್ 3.7ರಿಂದ ಅದು ಜೊತೆಗೇ ಬರುತ್ತದೆ. ಇಂತಿಷ್ಟು ಪುಟ (ಕಡತದ ಚಿಕ್ಕ ತುಂಡು) ನಕಲಾದ ಮೇಲೆ ನನ್ನ ಫಂಕ್ಷನ್ನಿಗೆ ‘ಇಷ್ಟು ಉಳಿದಿದೆ, ಒಟ್ಟು ಇಷ್ಟು’ ಅಂತ ಹೇಳುತ್ತದೆ. ಬಾರ್ ನಿಜವಾದ ಲೆಕ್ಕದ ಮೇಲೆ ಓಡುತ್ತದೆ. ಎಷ್ಟು ಭಾಗ ಆಯಿತು ಅಂತ ತೋರಿಸುವ ಬಾರ್ ಜನರಿಗೆ ಇಷ್ಟ ಅಂತ ಬ್ರಾಡ್ ಮೈಯರ್ಸ್ ಅನ್ನುವ ಸಂಶೋಧಕ 1985ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. 2007ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಜೊತೆಗಾರರು ಒಂದೇ ಅವಧಿಯ ಬಾರುಗಳನ್ನು ಬೇರೆ ಬೇರೆ ಓಟದಲ್ಲಿ ಓಡಿಸಿ ನೋಡಿದರು. ಕೊನೆಯಲ್ಲಿ ವೇಗ ಹಿಡಿಯುವುದು ಬೇಗ ಅನಿಸಿತು, ಕೊನೆಯಲ್ಲಿ ತಡವರಿಸುವುದು ನಿಧಾನ ಅನಿಸಿತು. 2010ರಲ್ಲಿ ಬಾರಿನೊಳಗಿನ ಪಟ್ಟೆಗಳನ್ನು ಹಿಂದಕ್ಕೆ ಚಲಿಸುವಂತೆ ಮಾಡಿದರೆ ಕಾಯುವ ಸಮಯ ಸುಮಾರು 11% ಕಡಿಮೆ ಅನಿಸುತ್ತದೆ ಅಂತಲೂ ತೋರಿಸಿದರು.

ನನ್ನ ಬಾರ್ ಮಾಡುತ್ತಿದ್ದದ್ದು ಸರಿಯಾಗಿ ತಪ್ಪು ಕೆಲಸ. ಸರಸರ 100ಕ್ಕೆ ಹೋಗಿ, ಅಲ್ಲಿ ಒಂದೂವರೆ ಸೆಕೆಂಡ್ ನಿಲ್ಲುತ್ತಿತ್ತು. ಪುಟಗಳೆಲ್ಲ ಹೋಗಿವೆ, ಆದರೆ ಕೊನೆಯ ಬರಹ ಪೆನ್‌ಡ್ರೈವ್ ಒಳಗೆ ಗಟ್ಟಿಯಾಗಿ ಕೂರಬೇಕಲ್ಲ, ಅದಕ್ಕೆ. ಚಿಕ್ಕಪ್ಪ 100 ನೋಡಿದ ತಕ್ಷಣ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರದ್ದೇನು ತಪ್ಪು? 100 ಅಂದರೆ ಮುಗಿಯಿತು ಅಂತಲೇ ಅರ್ಥ.

ಬಾರನ್ನು ಬಗ್ಗಿಸಿ ಕಣ್ಣಿಗೆ ಇನ್ನೂ ಬೇಗ ಕಾಣುವಂತೆ ಮಾಡಬಹುದಿತ್ತು. ಮಾಡಲಿಲ್ಲ. ಬಟನ್ ಒತ್ತಿದ್ದು ತೋರಿಸುವುದು ಬೇರೆ, ಮುಗಿಯದ್ದನ್ನು ಮುಗಿದಿದೆ ಅಂತ ತೋರಿಸುವುದು ಬೇರೆ. ಪುಟಗಳ ನಕಲಿಗೆ ಬಾರಿನ ಅರ್ಧ ಭಾಗ ಮಾತ್ರ ಕೊಟ್ಟೆ. ಉಳಿದರ್ಧದಲ್ಲಿ ‘ಪೆನ್‌ಡ್ರೈವ್ ಭದ್ರ ಮಾಡುತ್ತಿದೆ, ಇನ್ನೂ ತೆಗೆಯಬೇಡಿ’ ಅನ್ನುವ ಸಾಲು, ಅದರ ಮೇಲೆ ಅತ್ತಿತ್ತ ಓಡುವ ಗುರುತು. ಎಲ್ಲ ಮುಗಿದ ಮೇಲೆ ಒಮ್ಮೆಗೇ ಪೂರ್ತಿ ತುಂಬಿ ‘ಈಗ ತೆಗೆಯಿರಿ’. ನೋಡಲು ಅಷ್ಟೇನೂ ಚಂದವಿಲ್ಲ. ಚಿಕ್ಕಪ್ಪ ಈಗ ‘ತೆಗೆಯಿರಿ’ ಬರುವವರೆಗೆ ಕೈ ಚಾಚುವುದಿಲ್ಲ.

ಲಾಗ್ ಕಡತ

ಎಸೆದ ಎಂಟರುಗಳ ಲಾಗ್ ಕಡತವನ್ನು ಮೂರು ವಾರ ಬಿಟ್ಟು ತರಿಸಿಕೊಂಡು ನೋಡಿದೆ. ಮೊದಲ ದಿನ 61 ಸಲ ಎರಡನೇ ಎಂಟರ್ ಬಿದ್ದಿದೆ. ಕೈಗೆ ಅಂಟಿದ ಅಭ್ಯಾಸ, ಪರದೆ ಉತ್ತರ ಕೊಟ್ಟರೂ ಬೆರಳು ಕೇಳುವುದಿಲ್ಲ. ಎರಡನೇ ವಾರದ ಕೊನೆಗೆ ದಿನಕ್ಕೆ ಹತ್ತು ಹನ್ನೆರಡು. ಮೂರನೇ ವಾರದಲ್ಲಿ ದಿನಕ್ಕೆ ನಾಲ್ಕೋ ಐದೋ. ಡಬಲ್ ಬಿಲ್ ಒಂದೂ ಇಲ್ಲ. ಗೋಡೌನ್ ಹುಡುಗನ ಎಣಿಕೆಯೂ ಕಂಪ್ಯೂಟರಿನ ಎಣಿಕೆಯೂ ಆ ತಿಂಗಳು ಹೊಂದಿದವು, ಎರಡು ಚಿಲಕ ಬಿಟ್ಟು.

ಆ ನಾಲ್ಕೈದು ಯಾಕೆ ಉಳಿದವು ಅಂತ ಸಮಯ ನೋಡಿದೆ. ಎಲ್ಲವೂ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯ ನಡುವೆ. ಹುಡುಗಿ ಊಟಕ್ಕೆ ಹೋದಾಗ ಕೌಂಟರಿನಲ್ಲಿ ಚಿಕ್ಕಪ್ಪ ಕೂರುತ್ತಾರೆ.